ರಾಜ್ಯಪಾಲರ ಆಳ್ವಿಕೆ ಕಳೆದ ಮೇಲೆ: ಹೊಸೂರು ಸೀಮೆಯ ನಾಲ್ಕು ಚುನಾವಣೆಗಳು

ಹೊಸೂರಿಗೆ ಹತ್ತಿರದಲ್ಲೇ ಇರುವ ತೊರಪಳ್ಳಿ ದೊಡ್ಡ ಊರೇನೂ ಅಲ್ಲ. ಆದರೆ 1878ರ ಡಿಸೆಂಬರ್ 10ರಂದು ಅಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಹೊಸೂರಿನ ಶಾಲೆಯಲ್ಲಿ ಅಕ್ಷರ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮುಂದೆ ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. 1948ರ ಜೂನ್ ತಿಂಗಳಲ್ಲಿ ದೇಶದ ಗವರ್ನರ್ ಜನರಲ್ ಸ್ಥಾನದಲ್ಲಿ ಕುಳಿತರು. ಆ ಪೀಠವೇರಿದ ಭಾರತೀಯರು ಅವರೊಬ್ಬರೇ. ರಾಜ್ಯಪಾಲರೆಂಬ ಹುದ್ದೆಗೂ ನಮ್ಮ ಸೀಮೆಗೂ ಇರುವ ನಂಟು ಅಲ್ಲಿಗೇ ಮುಗಿಯುವುದಿಲ್ಲ.

1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ರಾಜಾಜಿಯವರು, ಭಾರತೀಯರನ್ನು ಕೇಳದೆಯೇ ಬ್ರಿಟಿಷರು ದೇಶವನ್ನು ಮಹಾಯುದ್ಧಕ್ಕೆ ಎಳೆದರೆಂದು ಕಾಂಗ್ರೆಸ್ಸು ಕೈಗೊಂಡ ತೀರ್ಮಾನದಂತೆ 1939ರ ಅಕ್ಟೋಬರ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಆಗ 1935ರ ಕಾಯಿದೆಯ 93ನೆಯ ಕಲಮಿನ ಪ್ರಕಾರ ಗವರ್ನರರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1946ರ ಏಪ್ರಿಲ್ 30ರಂದು ಟಂಗುಟೂರಿ ಪ್ರಕಾಶಂ ಅವರ ಮಂತ್ರಿಮಂಡಲ ಬರುವವರೆಗೆ, ಆರೂವರೆ ವರ್ಷ, ಸೇಲಂ ಜಿಲ್ಲೆಯ ಮೂಲೆಯಲ್ಲಿದ್ದ ಹೊಸೂರಿನವರಿಗೂ ಕೃಷ್ಣಗಿರಿಯವರಿಗೂ ಸರ್ಕಾರವೆಂದರೆ ಕಲೆಕ್ಟರು, ತಹಸೀಲ್ದಾರರು, ಪೊಲೀಸಿನವರು, ಅಷ್ಟೇ.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮದರಾಸಿನ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ಆಗತಾನೇ ಬಂದಿದ್ದ ರಾಜ್ಯಪಾಲ ಶ್ರೀಪ್ರಕಾಶರು, ಯಾವ ಕ್ಷೇತ್ರದಲ್ಲಿಯೂ ಸ್ಪರ್ಧಿಸದ ರಾಜಾಜಿಯವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿಸಿ, ಏಪ್ರಿಲ್ 10ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಬೋಧಿಸಿದರು. ಅದೇ ಚುನಾವಣೆಯಲ್ಲಿ ಅವರ ಮಗ ಸಿ. ಆರ್. ನರಸಿಂಹನ್ ಕೃಷ್ಣಗಿರಿಯಿಂದ ಲೋಕಸಭೆಗೆ ಗೆದ್ದರು. 1957ರಲ್ಲಿ ಮತ್ತೆ ಗೆದ್ದರು. ಮಗ ಹಳ್ಳಿಹಳ್ಳಿ ತಿರುಗಿ ಮತ ಕೇಳಿ ದೆಹಲಿಗೆ ಹೋದರೆ, ತಂದೆಗೆ ಮತ ಕೇಳುವ ಪ್ರಸಂಗವೇ ಬರಲಿಲ್ಲ. ರಾಜಾಜಿಯವರ ಮೇಲಿನ ಗೌರವ ಬೇರೆ. ಆದರೂ ಸ್ವತಂತ್ರ ಭಾರತದಲ್ಲಿ ರಾಜ್ಯಪಾಲರ ಕೈ ಎಷ್ಟು ಉದ್ದವಾಗಬಹುದೆಂಬ ಮೊದಲ ಪಾಠ ತೊರಪಳ್ಳಿಯವರೊಬ್ಬರ ಮೂಲಕವೇ ದೊರೆಯಿತೆನ್ನುವುದು ದಿಟ.

ಈ ರಾಜ್ಯಪಾಲರನ್ನು ನಾವೇ ಚುನಾಯಿಸಬೇಕೆಂಬ ಯೋಚನೆ ಒಂದು ಕಾಲಕ್ಕೆ ಇತ್ತು. 1947ರಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಪ್ರಾಂತ ಸಂವಿಧಾನ ಸಮಿತಿ, ವಯಸ್ಕರೆಲ್ಲರ ಮತದಿಂದ ನೇರವಾಗಿ ರಾಜ್ಯಪಾಲರನ್ನು ಆರಿಸಬೇಕೆಂದು ಶಿಫಾರಸು ಮಾಡಿತ್ತು. ಆದರೆ ಇಡೀ ಪ್ರಾಂತದ ಮತ ಪಡೆದ ರಾಜ್ಯಪಾಲರೊಬ್ಬರು, ಶಾಸಕರ ಬೆಂಬಲ ಪಡೆದ ಮುಖ್ಯಮಂತ್ರಿಯೊಬ್ಬರು ಇದ್ದರೆ ಒಂದು ಒರೆಯಲ್ಲಿ ಎರಡು ಕತ್ತಿ ಇಟ್ಟಂತಾದೀತೆಂಬ ಅಂಜಿಕೆಯಿಂದ, ಸಂವಿಧಾನ ಸಭೆ 1949ರ ಮೇ ಕೊನೆಯಲ್ಲಿ ಅದನ್ನು ಕೈಬಿಟ್ಟು ರಾಷ್ಟ್ರಪತಿಗಳ ನೇಮಕವನ್ನೇ ಒಪ್ಪಿತು. ನೈಜೀರಿಯದಂಥ ದೇಶದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಸೇನಾಡಳಿತ ಮುಗಿಯುವಾಗ, 1999ರ ಜನವರಿಯಲ್ಲಿ ಜನ ಮೊದಲು ತಮ್ಮ ತಮ್ಮ ರಾಜ್ಯದ ಗವರ್ನರರನ್ನು ಆರಿಸಿಕೊಂಡರು. ರಾಷ್ಟ್ರಾಧ್ಯಕ್ಷರ ಚುನಾವಣೆ ಆಮೇಲೆ ಬಂತು. ಅಲ್ಲಿ ಗವರ್ನರ್ ಬಂದರೆಂದರೆ ಪ್ರಜೆಗಳ ಸರ್ಕಾರ ಬಂತೆಂದು ಅರ್ಥ. ನಮ್ಮಲ್ಲಿ ರಾಜ್ಯಪಾಲರ ಆಳ್ವಿಕೆ ಬಂತೆಂದರೆ ಪ್ರಜೆಗಳ ಸರ್ಕಾರ ಹೋಯಿತೆಂದು ಅರ್ಥ. ಅದು ಮರಳಿ ಬರುವುದು ವಿಧಾನಸಭೆಯ ಚುನಾವಣೆಯ ಮೂಲಕ.

ತಮಿಳುನಾಡಿನಲ್ಲಿ ಹೀಗೆ ನಾಲ್ಕು ಸಲ ಆಯಿತು: 1976, 1980, 1988, 1991. ನಾಲ್ಕೂ ಸಲ ಕೊನೆಗೆ ಚುನಾವಣೆ ನಡೆಯಿತು. ಆ ನಾಲ್ಕರಲ್ಲೂ ಹೊಸೂರು ಕ್ಷೇತ್ರದ ಜನ ಒಂದೇ ಪಕ್ಷದವರನ್ನು, ಅಂದರೆ ಕಾಂಗ್ರೆಸ್ಸಿನವರನ್ನು, ಆರಿಸಿ ಕಳಿಸಿದರು. ಮದರಾಸಿನಲ್ಲಿ ಗದ್ದುಗೆ ಏರಿದವರು ಒಮ್ಮೆಯೂ ಕಾಂಗ್ರೆಸ್ಸಿನವರಲ್ಲ. ಇದನ್ನು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಮೊದಲನೆಯದನ್ನೇ ತುಸು ವಿವರವಾಗಿ ನೋಡೋಣ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮರುದಿನವೇ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಬಂಧನವಾಯಿತು. ಅತ್ತಿಬೆಲೆಯ ಆಚೆ ಕಾಂಗ್ರೆಸ್ಸಿನ ಸರ್ಕಾರ, ಈಚೆ ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದ ಡಿ.ಎಂ.ಕೆ. ಸರ್ಕಾರ. ಪತ್ರಿಕೆಗಳ ಮೇಲಿನ ಕಡಿವಾಣ ದೇಶಕ್ಕೆಲ್ಲ ಒಂದೇ ಆದರೂ, ವಿರೋಧ ಪಕ್ಷದವರಿಗೆ ತಮಿಳುನಾಡಿನಲ್ಲಿ ಆ ಏಳು ತಿಂಗಳು ಉಸಿರಾಡುವಷ್ಟು ಜಾಗವಿತ್ತು. ಬೆಂಗಳೂರಿಗೂ ಹೊಸೂರಿಗೂ ನಡುವೆ ಇರುವುದು ಸುಮಾರು 40 ಕಿಲೋಮೀಟರು. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಎರಡು ಹವೆ.

1976ರ ಜನವರಿ 31ರಂದು ಆ ವ್ಯತ್ಯಾಸವೂ ಅಳಿಯಿತು. ಕರುಣಾನಿಧಿಯವರ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ಆಗ ಹೊಸೂರಿನ ಶಾಸಕರಾಗಿದ್ದವರು ಬಿ. ವೆಂಕಟಸ್ವಾಮಿ. 1967ರಲ್ಲೂ 1971ರಲ್ಲೂ ಅವರು ಗೆದ್ದದ್ದು ರಾಜಾಜಿಯವರು 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದಿಂದ. 1971ರಲ್ಲಿ ಡಿ.ಎಂ.ಕೆ. 184 ಸ್ಥಾನ ಗೆದ್ದು ಮೆರೆದಾಗ ಸ್ವತಂತ್ರ ಪಕ್ಷಕ್ಕೆ ಸಿಕ್ಕಿದ್ದು ಆರೇ ಸ್ಥಾನ. ಆ ಆರರಲ್ಲಿ ಹೊಸೂರೂ ಒಂದು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು, 1974ರಲ್ಲಿ ಆ ಪಕ್ಷವೂ ಭಾರತೀಯ ಲೋಕದಳದಲ್ಲಿ ಕರಗಿತು. ಹೀಗೆ ಸ್ಥಾಪಕರು ಹೋಗಿ, ಪಕ್ಷ ಹೋಗಿ, ಕಡೆಗೆ ಸಭೆಯೂ ಹೋಯಿತು.

ಮುಂದಿನ ಹದಿನೇಳು ತಿಂಗಳು ರಾಜ್ಯಪಾಲರು ತಮ್ಮ ಸಲಹೆಗಾರರ ಮೂಲಕ ರಾಜ್ಯವನ್ನು ಆಳಿದರು. ಮೊದಲು ಕೆ. ಕೆ. ಷಾ, ಆಮೇಲೆ ಮೋಹನ್‌ಲಾಲ್ ಸುಖಾಡಿಯಾ. ಈ ಸುಖಾಡಿಯಾ ಅವರು 1972ರಿಂದ 1976ರ ಜನವರಿಯವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದವರು. ಅಲ್ಲಿ ದೇವರಾಜ ಅರಸರ ಮಂತ್ರಿಮಂಡಲ ಬರೆದುಕೊಟ್ಟ ಭಾಷಣ ಓದುತ್ತಿದ್ದವರು ಇಲ್ಲಿ ತಾವೇ ಸರ್ಕಾರವಾದರು. ಹುದ್ದೆಯ ಹೆಸರು ಒಂದೇ, ಅದರ ತೂಕ ಮಾತ್ರ ಅಜಗಜಾಂತರ. ಆ ಕಾಲದಲ್ಲಿ ಕಚೇರಿಗಳಲ್ಲಿ ಕೆಲಸ ಚುರುಕಾಯಿತು, ಗುಮಾಸ್ತರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಇರಬಹುದು. ಆದರೆ ಹಳ್ಳಿಯ ಕನ್ನಡ ಶಾಲೆಗೆ ಮೇಷ್ಟರು ಬರಲಿಲ್ಲವೆಂದು ದೂರಲು ಹೋದರೆ ಕೇಳಿಸಿಕೊಳ್ಳುವ ಶಾಸಕನೇ ಇಲ್ಲದ ಕಾಲವೂ ಅದೇ.

1977ರ ಜನವರಿ 18ರಂದು ಇಂದಿರಾ ಗಾಂಧಿಯವರು ಲೋಕಸಭೆಯ ಚುನಾವಣೆ ಸಾರಿದರು. ಮಾರ್ಚಿಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ದಕ್ಷಿಣ ಹಾಗೆ ಮಾಡಲಿಲ್ಲ. ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ. ತಮಿಳುನಾಡಿನ 39ರಲ್ಲಿ 34 ಕಾಂಗ್ರೆಸ್ಸು ಮತ್ತು ಎಂ.ಜಿ.ಆರ್. ಅವರ ಅಣ್ಣಾ ಡಿ.ಎಂ.ಕೆ. ಕೂಟಕ್ಕೆ. ಕೇರಳದ ಇಪ್ಪತ್ತಕ್ಕೆ ಇಪ್ಪತ್ತೂ ಕಾಂಗ್ರೆಸ್ಸಿನ ರಂಗಕ್ಕೆ. ಕೃಷ್ಣಗಿರಿಯಲ್ಲಿ ಗೆದ್ದವರು ಅಣ್ಣಾ ಡಿ.ಎಂ.ಕೆ.ಯ ಪಿ. ವಿ. ಪೆರಿಯಸಾಮಿ. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ತೆರವಾಯಿತು, 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು.

ಜೂನಿನಲ್ಲಿ ವಿಧಾನಸಭೆಯ ಚುನಾವಣೆ ಬಂದಾಗ ಮಾರ್ಚಿಯ ಗೆಳೆತನ ಮುರಿದಿತ್ತು. ಅಣ್ಣಾ ಡಿ.ಎಂ.ಕೆ., ಡಿ.ಎಂ.ಕೆ., ಕಾಂಗ್ರೆಸ್ಸು, ಜನತಾ ಪಕ್ಷ, ಹೀಗೆ ನಾಲ್ಕು ಮುಖದ ಹೋರಾಟ. ಎರಡೆಲೆ, ಉದಯಸೂರ್ಯ, ಹಸುಕರು, ನೇಗಿಲು ಹೊತ್ತ ರೈತ, ಇವೆಲ್ಲ ಓದು ಬಾರದವರಿಗೂ ತಿಳಿಯುವ ಗುರುತುಗಳು. ಗುರುತಿಗೆ ತಮಿಳೂ ಬೇಡ, ಕನ್ನಡವೂ ಬೇಡ. ಅಣ್ಣಾ ಡಿ.ಎಂ.ಕೆ. 130 ಸ್ಥಾನ ಗೆದ್ದು, ಜೂನ್ 30ರಂದು ಎಂ.ಜಿ.ಆರ್. ಮುಖ್ಯಮಂತ್ರಿಯಾದರು. ಕಾಂಗ್ರೆಸ್ಸಿಗೆ ರಾಜ್ಯದಾದ್ಯಂತ ಸಿಕ್ಕಿದ್ದು 27. ಹೊಸೂರಿನಲ್ಲಿ ಮಾತ್ರ ಕಾಂಗ್ರೆಸ್ಸಿನ ಎನ್. ರಾಮಚಂದ್ರ ರೆಡ್ಡಿ ಗೆದ್ದರು. ತುರ್ತು ಪರಿಸ್ಥಿತಿ ಹೇರಿದ ಪಕ್ಷ, ರಾಜ್ಯದ ಸರ್ಕಾರವನ್ನು ಕಿತ್ತು ಹಾಕಿದ ಪಕ್ಷ! ಅದು ಮುಗಿದ ಸಂತೋಷದಲ್ಲಿ ಹೊಸೂರಿನವರು ಅದೇ ಪಕ್ಷಕ್ಕೆ ಓಟು ಹಾಕಿದರೆ?

ಇದಕ್ಕೆ ಎರಡು ಕಾರಣಗಳು ನನಗೆ ತೋರುತ್ತವೆ. ಒಂದು, ಇಲ್ಲಿ ಜನ ಪಕ್ಷಕ್ಕಿಂತ ಮನುಷ್ಯನನ್ನು ನೋಡಿ ಮತ ಹಾಕಿದರು. ರಾಮಚಂದ್ರ ರೆಡ್ಡಿಯವರು 1962ರಲ್ಲಿಯೇ ಗೆದ್ದಿದ್ದ ಹಳೆಯ ಮುಖ. 1962ರಿಂದ 1996ರವರೆಗೆ ಹೊಸೂರಿನಲ್ಲಿ ಒಂಬತ್ತು ಸಾರ್ವತ್ರಿಕ ಚುನಾವಣೆ ನಡೆದವು, ಗೆದ್ದವರು ನಾಲ್ಕೇ ಜನ. ರಾಮಚಂದ್ರ ರೆಡ್ಡಿ ಮೂರು ಸಲ, ವೆಂಕಟಸ್ವಾಮಿ ಮೂರು ಸಲ, ಟಿ. ವೆಂಕಟ ರೆಡ್ಡಿ ಎರಡು ಸಲ, ಕೆ. ಎ. ಮನೋಹರನ್ ಒಮ್ಮೆ. ವೆಂಕಟಸ್ವಾಮಿಯವರು ಎರಡು ಸಲ ಸ್ವತಂತ್ರ ಪಕ್ಷದಿಂದ ಗೆದ್ದು, ಕಾಲು ಶತಮಾನದ ಮೇಲೆ 1996ರಲ್ಲಿ ಜನತಾದಳದಿಂದ ಗೆದ್ದರು. ಆ ಸಲ ಜನತಾದಳಕ್ಕೆ ಇಡೀ ತಮಿಳುನಾಡಿನಲ್ಲಿ ಸಿಕ್ಕಿದ್ದು ಅದೊಂದೇ ಸ್ಥಾನ.

ಎರಡನೆಯದು ಇನ್ನೂ ಆಳವಾದದ್ದು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಕೆಲಮಂಗಲದ ಕಡೆ ತೆಲುಗು, ಕನ್ನಡ, ತಮಿಳು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಒಬ್ಬನೇ ಮನುಷ್ಯ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲೂಕು ಕಚೇರಿಯಲ್ಲಿ ತಮಿಳು ಆಡುತ್ತಾನೆ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನಗೆ ಹಣ ತೆಗೆಯುವ ಚೀಟಿಯ ರುಜುಗಳಲ್ಲಿ ಇದು ಕಾಣುತ್ತದೆ: ತಾತನದು ಕನ್ನಡದಲ್ಲಿ, ಮಗನದು ತಮಿಳಿನಲ್ಲಿ, ಮೊಮ್ಮಗಳದು ಇಂಗ್ಲಿಷಿನಲ್ಲಿ. ಇಂಥ ಜನಕ್ಕೆ, ತಮಿಳಿನ ಹೆಸರಿನಲ್ಲಿಯೇ ಬೆಳೆದ ದ್ರಾವಿಡ ಪಕ್ಷಗಳ ಮಾತು ಕಿವಿಗೆ ಇಂಪಾದರೂ ಮನಸ್ಸಿಗೆ ತನ್ನದೆನಿಸಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಹೊಸೂರು ಮದರಾಸಿನಲ್ಲೇ ಉಳಿಯಿತು. ಉಳಿದವರಿಗೆ ಬೇಕಾದದ್ದು ಭಾಷೆ ಯಾವುದೆಂದು ಕೇಳದ ಒಂದು ಸೂರು. ಕಾಂಗ್ರೆಸ್ಸು, ಸ್ವತಂತ್ರ, ಜನತಾದಳ, ಹೆಸರು ಯಾವುದಾದರೂ ಆಗಲಿ, ದೆಹಲಿಯ ಪಕ್ಷವೆಂದರೆ ಅವರಿಗೆ ಆ ಸೂರಾಗಿ ಕಂಡಿತು. ಕಾಂಗ್ರೆಸ್ಸಿನ ಮೇಲಿನ ಪ್ರೀತಿಗಿಂತ ಇದೇ ಹೆಚ್ಚಿನದೆಂದು ನನ್ನ ಎಣಿಕೆ.

ಎರಡನೆಯ ಸಲದ ಕಥೆ ಚಿಕ್ಕದು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದರು. ಫೆಬ್ರವರಿ 17ರಂದು ಒಂಬತ್ತು ರಾಜ್ಯಗಳ ಸರ್ಕಾರಗಳು ಒಟ್ಟಿಗೆ ಹೋದವು, ಎಂ.ಜಿ.ಆರ್. ಸರ್ಕಾರವೂ ಅವುಗಳಲ್ಲಿ ಒಂದು. ಮೇ ಕೊನೆಯ ಚುನಾವಣೆಯಲ್ಲಿ ಜನ ಎಂ.ಜಿ.ಆರ್. ಅವರನ್ನೇ ಮತ್ತೆ ಕೂರಿಸಿದರು. ಹೊಸೂರಿನಲ್ಲಿ ಇಂದಿರಾ ಕಾಂಗ್ರೆಸ್ಸಿನ ಟಿ. ವೆಂಕಟ ರೆಡ್ಡಿ ಗೆದ್ದು ವಿರೋಧದ ಸಾಲಿನಲ್ಲಿ ಕುಳಿತರು.

1987ರ ಡಿಸೆಂಬರ್ 24ರಂದು ಎಂ.ಜಿ.ಆರ್. ತೀರಿಕೊಂಡರು. ಅವರ ಪತ್ನಿ ಜಾನಕಿಯವರ ಸರ್ಕಾರ ಒಂದು ತಿಂಗಳೂ ತುಂಬುವ ಮೊದಲೇ, 1988ರ ಜನವರಿ 30ರಂದು, ಹೋಯಿತು. ಈ ಸಲ ರಾಜ್ಯಪಾಲರ ಆಳ್ವಿಕೆ ಸುಮಾರು ಒಂದು ವರ್ಷ ನಡೆಯಿತು. 1989ರ ಜನವರಿ 21ರ ಮತದಾನದಲ್ಲಿ ಕರುಣಾನಿಧಿಯವರು ಹದಿಮೂರು ವರ್ಷಗಳ ಮೇಲೆ ಹಿಂದಿರುಗಿದರು. ತಾನೊಂದೇ ನಿಂತ ಕಾಂಗ್ರೆಸ್ಸಿಗೆ 26 ಸ್ಥಾನ. ಅದರಲ್ಲಿ ಹೊಸೂರು ಮತ್ತೆ ರಾಮಚಂದ್ರ ರೆಡ್ಡಿಯವರದು. ಒಂದೂವರೆ ದಶಕದಲ್ಲಿ ಮೂರನೆಯ ಸಲ ನಮ್ಮ ಶಾಸಕರು ಆಳುವವರ ಎದುರಿನ ಬೆಂಚಿನಲ್ಲಿ.

ನಾಲ್ಕನೆಯದರಲ್ಲಿ ನೆನೆಯಬೇಕಾದ ಒಬ್ಬ ರಾಜ್ಯಪಾಲರಿದ್ದಾರೆ. 1991ರ ಜನವರಿಯಲ್ಲಿ ಡಿ.ಎಂ.ಕೆ. ಸರ್ಕಾರವನ್ನು ತೆಗೆಯಬೇಕೆಂದು ದೆಹಲಿ ನಿಶ್ಚಯಿಸಿದಾಗ, ಹಾಗೆಂದು ವರದಿ ಕಳಿಸಲು ಸುರ್ಜಿತ್ ಸಿಂಗ್ ಬರ್ನಾಲ ಒಪ್ಪಲಿಲ್ಲ. ಸಂವಿಧಾನದ 356ನೆಯ ವಿಧಿಯಲ್ಲಿ ರಾಜ್ಯಪಾಲರ ವರದಿಯಿಂದ ‘ಅಥವಾ ಬೇರೆ ರೀತಿಯಲ್ಲಿ’ ಎಂಬ ಅರ್ಥದ ಮಾತಿದೆ. ಆ ಎರಡು ಮೂರು ಪದಗಳನ್ನು ಹಿಡಿದು ಜನವರಿ 30ರಂದು ಸರ್ಕಾರವನ್ನು ವಜಾ ಮಾಡಿದರು. ಬರ್ನಾಲ ಅವರನ್ನು ಬಿಹಾರಕ್ಕೆ ವರ್ಗ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆ. ಜೂನ್ 15ಕ್ಕೆ ಮುಂದೂಡಿದ ಮತದಾನದಲ್ಲಿ ಜಯಲಲಿತಾ ಅವರ ಪಕ್ಷಕ್ಕೆ 164, ಜೊತೆಗಿದ್ದ ಕಾಂಗ್ರೆಸ್ಸಿಗೆ 60. ಹೊಸೂರಿನ ಕೆ. ಎ. ಮನೋಹರನ್ ಗೆದ್ದದ್ದು ಈ ಕೂಟದಲ್ಲಿ. ನಾಲ್ಕು ಸಲದಲ್ಲಿ ಈ ಒಂದು ಸಲವಷ್ಟೇ ನಮ್ಮ ಮತವೂ ರಾಜ್ಯದ ಮತವೂ ಒಂದೇ ದಿಕ್ಕಿಗೆ ತಿರುಗಿದ್ದು. ಆರು ತಿಂಗಳೊಳಗೆ, ಆ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಬಂದು ಬೆಂಗಳೂರಿನಲ್ಲಿ ದಂಗೆ ಎದ್ದಿತು. ಅಲ್ಲಿಂದ ತಮಿಳು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಬಂದವು. ಈಚೆ ಇದ್ದ ಕನ್ನಡದ ಮನೆಗಳವರು ಬೀದಿಯಲ್ಲಿ ದನಿ ತಗ್ಗಿಸಿ ಮಾತಾಡಿದರು. ಶಾಸಕರು ಯಾವ ಬೆಂಚಿನಲ್ಲಿದ್ದರೇನು, ಅಂಥ ದಿನಗಳಲ್ಲಿ ಪಕ್ಕದ ಮನೆಯ ತಮಿಳರ ಒಳ್ಳೆಯತನವೇ ನಮಗೆ ಕಾವಲು. ಅದು ಇತ್ತೆನ್ನುವುದನ್ನೂ ಹೇಳಬೇಕು.

ಕಾಸರಗೋಡಿನ ಬಂಧುಗಳು ಇದನ್ನು ಓದುವಾಗ ತಮ್ಮ ಕಥೆಯೊಡನೆ ಹೋಲಿಸಿ ನೋಡದಿರಲಾರರು. ಅವರ ದಾರಿ ಬೇರೆಯಾಗಿತ್ತು. ಮಂಜೇಶ್ವರದಲ್ಲಿ 1957ರಲ್ಲಿ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿಯೂ ಆಮೇಲೆಯೂ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರು ಕನ್ನಡದ ಹೆಸರು ಹೇಳಿಯೇ ಗೆದ್ದರು. 1964ರ ಸೆಪ್ಟೆಂಬರಿನಿಂದ ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದ ಕೇರಳದಲ್ಲಿ 1965ರ ಮಾರ್ಚಿಯಲ್ಲಿ ಚುನಾವಣೆಯಾಯಿತು. ಯಾರಿಗೂ ಬಹುಮತ ಬಾರದೆ, ಗೆದ್ದವರು ಒಮ್ಮೆಯೂ ಸಭೆ ಸೇರದೆ, ಆ ವಿಧಾನಸಭೆ ವಿಸರ್ಜನೆಯಾಯಿತು. ಮಹಾಬಲ ಭಂಡಾರಿಯವರು ಆ ಸಲವೂ ಗೆದ್ದಿದ್ದರು. ಮತ ಬಿತ್ತು, ಎಣಿಕೆಯಾಯಿತು, ಶಾಸಕರೂ ಆದರು, ಕೂರಲು ಸಭೆಯೇ ಇರಲಿಲ್ಲ. ಪ್ರಜೆಗಳ ಸರ್ಕಾರ ಮರಳಿ ಬಂದದ್ದು 1967ರ ಮಾರ್ಚಿಯಲ್ಲಿ, ಇನ್ನೊಂದು ಚುನಾವಣೆಯ ಮೇಲೆ.

ಹೊಸೂರಿನ ಕನ್ನಡಿಗರು ಹಾಗೆ ಭಾಷೆಯ ಹೆಸರಿನಲ್ಲಿ ಗೆಲ್ಲುವ ಸ್ಥಿತಿಯಲ್ಲಿರಲಿಲ್ಲ. ತೆಲುಗರ ಜೊತೆ ಸೇರಿದರೆ ತೂಕ, ಬೇರೆಯಾದರೆ ಹಗುರ. ಕಾಸರಗೋಡಿನವರು ಎದ್ದು ನಿಂತು ಕೇಳಿದರು, ನಾವು ಗುಂಪಿನಲ್ಲಿ ನಿಂತು ಕೇಳಿದೆವು. ಯಾವುದು ಜಾಣತನವೆಂದು ಹೇಳುವುದು ಕಷ್ಟ. ನಮ್ಮ ದಾರಿಯಿಂದ ಜಗಳ ಕಡಿಮೆಯಾಯಿತು. ಆದರೆ ವಿಧಾನಸಭೆಯ ನಡವಳಿಗಳಲ್ಲಿ ನಮ್ಮ ಹೆಸರೂ ಅಷ್ಟೇ ಕಡಿಮೆಯಾಯಿತು.

ಅದರ ಬೆಲೆ 2006ರಲ್ಲಿ ತಿಳಿಯಿತು. ಆ ವರ್ಷದ ತಮಿಳು ಕಲಿಕೆ ಕಾಯಿದೆಯಂತೆ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಏರುತ್ತ, 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಕನ್ನಡ, ತೆಲುಗು, ಉರ್ದು, ಮಲಯಾಳ ಮಾಧ್ಯಮದ ಮಕ್ಕಳ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2006ರಲ್ಲಿ ಡಿ.ಎಂ.ಕೆ.ಗೆ ಸ್ವಂತ ಬಹುಮತವಿರಲಿಲ್ಲ. 96 ಸ್ಥಾನದ ಸರ್ಕಾರಕ್ಕೆ ಕಾಂಗ್ರೆಸ್ಸಿನ 34 ಶಾಸಕರ ಆಸರೆ ಬೇಕಿತ್ತು, ಹೊಸೂರಿನ ಕೆ. ಗೋಪಿನಾಥ್ ಆ 34ರಲ್ಲಿ ಒಬ್ಬರು. ದೆಹಲಿಯ ಪಕ್ಷದ ಸೂರು ಅಷ್ಟು ಹತ್ತಿರವಿದ್ದೂ ಕಾಯಿದೆ ಬಂದೇ ಬಂತು. ಇದು ಒಬ್ಬ ಶಾಸಕರ ಮೇಲೆ ಹೊರಿಸುವ ಮಾತಲ್ಲ. 234ರ ಸಭೆಯಲ್ಲಿ ಒಂದು ಎರಡು ಕ್ಷೇತ್ರಗಳ ಅಳಲು ಎಷ್ಟು ದೂರ ಕೇಳಿಸೀತು? ತಮಿಳು ಕಲಿಯಬಾರದೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಬದುಕು ನಡೆಯುವ ಭಾಷೆ ಅದು. ಅದಕ್ಕಾಗಿ ಕನ್ನಡದ ಪರೀಕ್ಷೆಯನ್ನು ಲೆಕ್ಕದಿಂದ ಕೈಬಿಡಬೇಕೆ ಎಂಬುದಷ್ಟೇ ಪ್ರಶ್ನೆ.

ರಾಜ್ಯಪಾಲರ ಆಳ್ವಿಕೆಯ ಕಾಲ ಮುಗಿದದ್ದಕ್ಕೆ ಒಬ್ಬ ಕನ್ನಡಿಗರ ಹೆಸರು ಅಂಟಿಕೊಂಡಿದೆ. 1989ರ ಏಪ್ರಿಲ್ 21ರಂದು ಕರ್ನಾಟಕದಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲೂ ಅವಕಾಶ ಕೊಡದೆ, ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ವರದಿಯ ಮೇಲೆ ವಜಾ ಮಾಡಿದರು. ಬೊಮ್ಮಾಯಿಯವರು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ವಜಾದ ಆದೇಶವನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು ತೀರ್ಪಿತ್ತಿತು. ಹದಿನೈದು ವರ್ಷಗಳಲ್ಲಿ ನಾಲ್ಕು ಸಲ ರಾಜ್ಯಪಾಲರ ಕೈಗೆ ಹೋಗಿದ್ದ ತಮಿಳುನಾಡು, ಆ ತೀರ್ಪಿನ ಮುಂದಿನ ಮೂರು ದಶಕಗಳಲ್ಲಿ ಒಮ್ಮೆಯೂ ಹಾಗೆ ಹೋಗಲಿಲ್ಲ.

ಅಷ್ಟರಲ್ಲಿ ಹೊಸೂರೂ ಬದಲಾಗಿತ್ತು. ಸಿಪ್‌ಕಾಟ್ ಬಂತು. ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟಾನ್ ಕಾರ್ಖಾನೆಗಳು ಬಂದವು. ಕೆಲಸ ಹುಡುಕಿ ತಮಿಳುನಾಡಿನ ಎಲ್ಲ ಮೂಲೆಗಳಿಂದ ಜನ ಬಂದು ನೆಲಸಿದರು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆಯಾಯಿತು. ಗೋಪಿನಾಥ್ ಅವರು 2001, 2006, 2011ರಲ್ಲಿ ಗೆದ್ದರು. 2016ರಲ್ಲಿ ಅಣ್ಣಾ ಡಿ.ಎಂ.ಕೆ.ಯ ಪಿ. ಬಾಲಕೃಷ್ಣ ರೆಡ್ಡಿ ಗೆದ್ದಾಗ, ದ್ರಾವಿಡ ಪಕ್ಷವೊಂದರ ಕೈಗೆ ಹೊಸೂರು ಮೊದಲ ಸಲ ಬಂತು. ಅವರು ಮಂತ್ರಿಯೂ ಆದರು. 2019ರಲ್ಲಿ ಹಳೆಯ ಮೊಕದ್ದಮೆಯೊಂದರಲ್ಲಿ ಶಿಕ್ಷೆಯಾಗಿ ಸ್ಥಾನ ಹೋದಾಗ ಉಪಚುನಾವಣೆಯಲ್ಲಿ ಡಿ.ಎಂ.ಕೆ. ಗೆದ್ದಿತು, 2021ರಲ್ಲಿಯೂ ಅದೇ ಪಕ್ಷ. ವಿರೋಧದ ಬೆಂಚಿನ ಹಳೆಯ ಕಥೆ ಅಲ್ಲಿಗೆ ಮುಗಿದಂತಾಯಿತು. ಅದರೊಡನೆ ಅಲ್ಪಸಂಖ್ಯಾತ ಭಾಷೆಗಳ ಮತಕ್ಕೆ ಈ ಕ್ಷೇತ್ರದಲ್ಲಿದ್ದ ತೂಕವೂ ತಗ್ಗಿತು.

2021ರ ಮೇ ತಿಂಗಳಲ್ಲಿ ತಿರುವನಂತಪುರದ ಸಭೆಯಲ್ಲಿ ಮಂಜೇಶ್ವರದ ಎ. ಕೆ. ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. 2024ರ ಜೂನಿನಲ್ಲಿ, ಅಷ್ಟರಲ್ಲಿ ಕೃಷ್ಣಗಿರಿಯ ಲೋಕಸಭಾ ಸದಸ್ಯರಾಗಿದ್ದ ಅದೇ ಗೋಪಿನಾಥ್ ಅವರು ದೆಹಲಿಯಲ್ಲಿ ಸಂವಿಧಾನದ ಪ್ರತಿಯನ್ನು ಕೈಯಲ್ಲಿ ಹಿಡಿದು ತೆಲುಗಿನಲ್ಲಿ ಪ್ರತಿಜ್ಞೆ ಮಾಡಿ, ಕೊನೆಗೆ ತಮಿಳಿನಲ್ಲಿ ವಂದನೆ ಹೇಳಿದರು.